ಬೆಂಕಿ ರೇಖೆಯನ್ನೂ ಮಕ್ಕಳು ಕಾಣಲಿ

ರಾಜ್ಯದ ಅರಣ್ಯ ಇಲಾಖೆಯು ‘ಚಿಣ್ಣರ ವನದರ್ಶನ’ದ ಮೂಲಕ ಶಾಲಾಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಿರುವುದು ಸ್ವಾಗತಾರ್ಹ ಕಾರ್ಯ. ಶಿಕ್ಷಣದ ಎಲ್ಲ ಹಂತಗಳಲ್ಲಿ ಪರಿಸರ ವಿಷಯವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ನಿರ್ದೇಶಿಸಿತ್ತು. ಪಠ್ಯಗಳಲ್ಲಿ ಪಾಠಗಳು ಸೇರಿದವು, ಪರೀಕ್ಷೆಗಳೂ ನಡೆದವು. ಕಾಡು ಮಾತ್ರ ಬಹುಪಾಲು ಮಕ್ಕಳಿಗೆ ಚಿತ್ರವಾಗಿಯೇ ಉಳಿಯಿತು.

ಆದರೆ ಕಾಡಿಗೆ ಹೋದ ಮಗು ಏನನ್ನು ಕಂಡು ಬರುತ್ತದೆ? ಜಿಂಕೆ, ನವಿಲು, ಅದೃಷ್ಟವಿದ್ದರೆ ಆನೆ. ಮನೆಯವರು ಕೇಳುವುದೂ ಇದನ್ನೇ. ಕಾಡನ್ನು ಯಾರು, ಹೇಗೆ ಕಾಯುತ್ತಾರೆ ಎಂಬುದನ್ನು ಕಾಣದೆ ಬಂದರೆ ಅದು ಪ್ರವಾಸವೇ ಹೊರತು ಅಧ್ಯಯನವಲ್ಲ.

ಗದಗ ಜಿಲ್ಲೆಯ ಕಪ್ಪತಗುಡ್ಡವನ್ನೇ ನೋಡೋಣ. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲಿನ ಉಳಿವಿಗಾಗಿ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳ ಮುಂದಾಳತ್ವದಲ್ಲಿ 2017ರಲ್ಲಿ ನಡೆದ ಹೋರಾಟವನ್ನು ನಮ್ಮ ಓದುಗರು ಮರೆತಿರಲಾರರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಣಿಗಾರಿಕೆಯ ವಿರುದ್ಧ ಕಾನೂನಿನ ಬಲ ದೊರೆಯಿತು. ಬೇಸಿಗೆಯ ಬೆಂಕಿಗೆ ಕಾನೂನು ತಿಳಿಯದಲ್ಲವೇ? ಒಣಹುಲ್ಲು ಹೊತ್ತಿಕೊಂಡರೆ ಹಸಿರು ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತ ಗುಡ್ಡವೇರುವವರು ಗಸ್ತು ಅರಣ್ಯ ಪಾಲಕರು ಮತ್ತು ಬೇಸಿಗೆಯ ಮಟ್ಟಿಗೆ ನೇಮಕಗೊಂಡ ಬೆಂಕಿ ಕಾವಲುಗಾರರು.

ಬೆಂಕಿ ಬೀಳುವುದು ಬಹುಪಾಲು ಮನುಷ್ಯರಿಂದಲೇ. ಸೇದಿ ಎಸೆದ ಬೀಡಿಯಿಂದ ಹತ್ತುವುದುಂಟು. ಹಳೆಯ ಹುಲ್ಲು ಸುಟ್ಟರೆ ಮಳೆ ಬಿದ್ದೊಡನೆ ಎಳೆಹುಲ್ಲು ಚಿಗುರುತ್ತದೆಂಬ ನಂಬಿಕೆಯಿಂದ ಹಚ್ಚುವುದೂ ಉಂಟು. ಈ ನಂಬಿಕೆ ಪೂರ್ತಿ ಸುಳ್ಳಲ್ಲ, ಹುಲ್ಲು ಚಿಗುರುತ್ತದೆ. ಅದರೊಂದಿಗೆ ಮರದ ಸಸಿಗಳು, ನೆಲದಲ್ಲಿಟ್ಟ ಹಕ್ಕಿಯ ಮೊಟ್ಟೆಗಳು ಸುಟ್ಟುಹೋಗುತ್ತವೆ, ಬೋಳಾದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಇತ್ತ ಇಲಾಖೆಯವರೂ ಬೇಸಿಗೆಗೆ ಮುನ್ನ ಪಟ್ಟಿಯಾಗಿ ಹುಲ್ಲು ಸವರಿ, ತಾವೇ ಸುಟ್ಟು ಬೆಂಕಿ ರೇಖೆ ಮಾಡುತ್ತಾರೆ. ‘ನೀವು ಸುಟ್ಟರೆ ಸರಿ, ನಾವು ಸುಟ್ಟರೆ ತಪ್ಪೇ?’ ಎಂದು ಮಗುವೊಂದು ಕೇಳಿದರೆ ಆ ಪ್ರಶ್ನೆಯೇ ಅರಣ್ಯ ನಿರ್ವಹಣೆಯ ಮೊದಲ ಪಾಠ. ಉತ್ತರವನ್ನು ರೇಖೆಯ ಮೇಲೆಯೇ ನಿಂತು ಹೇಳಬೇಕು: ಎದುರು ಬಂದ ಬೆಂಕಿಗೆ ಅಲ್ಲಿ ಸುಡಲು ಏನೂ ಸಿಗದು.

ಆದುದರಿಂದ ಮಳೆಗಾಲ ಮುಗಿದು ಎಲ್ಲವೂ ಹಸಿರಾಗಿರುವಾಗ ಒಮ್ಮೆ ಹೋದರೆ ಸಾಲದು. ಬೆಂಕಿ ರೇಖೆಯ ಕೆಲಸ ನಡೆಯುವ ದಿನಗಳಲ್ಲಿ ಇನ್ನೊಮ್ಮೆ ಹೋಗಬೇಕು. ಸಸ್ಯಕ್ಷೇತ್ರದಲ್ಲಿ ಅರ್ಧ ದಿನ ಕಳೆದರೂ ಒಳ್ಳೆಯದೇ. ಮೊದಲ ಅವಕಾಶ ಗುಡ್ಡದಂಚಿನ ಹಳ್ಳಿಗಳ ಶಾಲೆಗಳಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ನಾಳೆ ಗುಡ್ಡಕ್ಕೆ ಬೆಂಕಿ ಬಿದ್ದರೆ ಹೊಗೆಯನ್ನು ಮೊದಲು ಕಾಣುವವರು ಆ ಮಕ್ಕಳೇ. ಅವರಲ್ಲಿ ಕುರಿಗಾಹಿಗಳ ಮಕ್ಕಳೂ ಇದ್ದಾರೆ. ‘ಅಪ್ಪ ಕುರಿ ಎಲ್ಲಿ ಮೇಯಿಸಬೇಕು?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಶಿಕ್ಷಕರು ಮಾತು ಮರೆಸಬಾರದು. ಉತ್ತರಿಸಬೇಕಾದ ವಲಯ ಅರಣ್ಯಾಧಿಕಾರಿಯೂ ಆ ದಿನ ಮಕ್ಕಳೊಂದಿಗೆ ಗುಡ್ಡ ಹತ್ತಿರಬೇಕು.