ತಂದೆ–ತಾಯಿ ಆರೈಕೆಗೆ 30 ದಿನ ಹೊಸ ರಜೆ ಸಿಕ್ಕಿದೆಯೇ? ಫಾರ್ವರ್ಡ್ ಮಾಡುವ ಮುನ್ನ, ರಾಜೀನಾಮೆ ಬರೆಯುವ ಮುನ್ನ ಓದಿ

ವಯಸ್ಸಾದ ತಂದೆ–ತಾಯಿಯನ್ನು ನೋಡಿಕೊಳ್ಳಲು ನೌಕರರಿಗೆ ಸರ್ಕಾರ 30 ದಿನಗಳ ಹೊಸ ರಜೆ ಕೊಟ್ಟಿದೆ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಓದಿದ ಕೂಡಲೇ ಸಮಾಧಾನವಾಗುತ್ತದೆ, ಕೂಡಲೇ ನಾಲ್ಕು ಗ್ರೂಪಿಗೆ ಕಳಿಸಬೇಕು ಎನಿಸುತ್ತದೆ. ಆದರೆ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ಈ ಸಂದೇಶವನ್ನು ನಂಬಿ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಇದರಲ್ಲಿ ನಿಜ ಎಷ್ಟು ಎಂದು ನೋಡೋಣ.

ಸಂದೇಶದ ಮೂಲ ಯಾವುದು?

2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಕೇಳಿದ ಪ್ರಶ್ನೆಯೊಂದಕ್ಕೆ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಲಿಖಿತ ಉತ್ತರ ಕೊಟ್ಟರು. ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ, 8 ದಿನ ಸಾಂದರ್ಭಿಕ ರಜೆ ಮತ್ತು 2 ದಿನ ನಿರ್ಬಂಧಿತ ರಜೆ ಇದೆ. ಇವನ್ನು ತಂದೆ–ತಾಯಿಯ ಆರೈಕೆಯೂ ಸೇರಿದಂತೆ ಯಾವುದೇ ವೈಯಕ್ತಿಕ ಕಾರಣಕ್ಕೆ ಬಳಸಬಹುದು ಎಂಬುದು ಆ ಉತ್ತರದ ಸಾರಾಂಶ.

ಇಲ್ಲಿ ಹೊಸದು ಏನೂ ಇಲ್ಲ. ಇದು 1972ರ ರಜಾ ನಿಯಮಗಳಲ್ಲಿ ಮೊದಲಿನಿಂದ ಇರುವ ರಜೆ. ಮಗಳ ಮದುವೆಗೂ, ಮನೆ ಕಟ್ಟಿಸಲೂ ಬಳಸುವ ಅದೇ ರಜೆ. ಹಿರಿಯರ ಆರೈಕೆಗೆಂದೇ ಬೇರೆ ಖಾತೆ ತೆರೆದಿಲ್ಲ. ಮೇಲಾಗಿ ಆ ಮಾತು ಕೇಂದ್ರ ಸರ್ಕಾರಿ ನೌಕರರಿಗೆ ಮಾತ್ರ ಅನ್ವಯ.

ಮಕ್ಕಳಿಗೆ ರಜೆ ಇದೆ, ಹಿರಿಯರಿಗೆ?

ಮಕ್ಕಳ ವಿಷಯದಲ್ಲಿ ಕಾನೂನು ಸ್ವಲ್ಪ ಮುಂದೆ ಬಂದಿದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಕರ್ನಾಟಕ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನ ಶಿಶುಪಾಲನಾ ರಜೆ ಮಂಜೂರು ಮಾಡಿತು.

ಈ ರಜೆಗಳಲ್ಲಿ ಯಾವುದನ್ನೂ ಅತ್ತೆಗಾಗಲಿ ಅಪ್ಪನಿಗಾಗಲಿ ಬಳಸಲು ಬರುವುದಿಲ್ಲ. ಹೊರದೇಶಗಳಲ್ಲಿ ಬೇರೆ ದಾರಿಗಳಿವೆ. ಜಪಾನಿನಲ್ಲಿ ಆರೈಕೆ ಬೇಕಾದ ಕುಟುಂಬದ ಪ್ರತಿ ಸದಸ್ಯರ ಲೆಕ್ಕದಲ್ಲಿ 93 ದಿನ ರಜೆ ಪಡೆಯಬಹುದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ವರ್ಷಕ್ಕೆ ಒಂದು ವಾರ ಆರೈಕೆ ರಜೆಯ ಹಕ್ಕು ಬಂದಿದೆ, ಆದರೆ ಅದಕ್ಕೆ ಸಂಬಳವಿಲ್ಲ.

ಸಾಯಗಾಂವದ ಒಂದು ಮನೆಯ ಲೆಕ್ಕ

ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರ ಗಡಿಗೆ ಹತ್ತಿರದ ಊರು. ಇಂಥ ಊರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಹೈದರಾಬಾದಿನಲ್ಲೋ ಪುಣೆಯಲ್ಲೋ ಕೆಲಸಕ್ಕಿದ್ದಾನೆ. ಸೊಸೆ ದಿನಾ ಬಸ್ಸು ಹಿಡಿದು ಭಾಲ್ಕಿಯ ಒಂದು ಅಂಗಡಿಗೆ ಲೆಕ್ಕ ಬರೆಯಲು ಹೋಗುತ್ತಾಳೆ. ಒಂದು ಬೆಳಿಗ್ಗೆ ಅತ್ತೆಗೆ ಲಕ್ವಾ ಹೊಡೆಯುತ್ತದೆ. ಬೀದರಿನ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಸೊಸೆ ಕೆಲಸ ಬಿಡಲಿ.

ಈ ತೀರ್ಮಾನ ಸಾಮಾನ್ಯವಾಗಿ ಮೊದಲ ವಾರದಲ್ಲೇ, ಗಾಬರಿಯಲ್ಲಿ ಆಗಿಬಿಡುತ್ತದೆ. ಕಾಯಿಲೆಯ ಸ್ವಭಾವ ನೋಡಿದರೆ ಇಷ್ಟು ಅವಸರ ಬೇಕಿಲ್ಲ. ಲಕ್ವಾ ಆದವರಲ್ಲಿ ಚೇತರಿಕೆ ಹೆಚ್ಚಾಗಿ ಕಾಣುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆರೈಕೆಯ ಕೆಲಸವೂ ಆಗಲೇ ಅತಿ ಭಾರ: ಹಾಸಿಗೆ ಹುಣ್ಣು ಆಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ವ್ಯಾಯಾಮ ಮಾಡಿಸಬೇಕು, ಊಟ, ಔಷಧ, ಶೌಚ ನೋಡಿಕೊಳ್ಳಬೇಕು. ನಂತರ ಅನೇಕರು ಎದ್ದು ಕೂರುತ್ತಾರೆ, ಕೋಲು ಹಿಡಿದು ನಡೆಯುತ್ತಾರೆ. ಎಲ್ಲರೂ ಅಲ್ಲ. ಆದರೆ ಮೊದಲ ವಾರದ ಸ್ಥಿತಿ ಆರನೇ ತಿಂಗಳಿಗೂ ಹಾಗೇ ಇರುತ್ತದೆ ಎಂದು ಲೆಕ್ಕ ಹಾಕುವುದು ತಪ್ಪು. ಅತ್ತೆ ಚೇತರಿಸಿಕೊಳ್ಳಬಹುದು, ಬಿಟ್ಟ ಕೆಲಸ ಮತ್ತೆ ಸಿಗುವುದು ಕಷ್ಟ.

ಸೊಸೆಯ ಕರ್ತವ್ಯ ಎಂದು ಕಾನೂನು ಹೇಳುತ್ತದೆಯೇ?

ಇದು ಗ್ರೂಪುಗಳಲ್ಲಿ ಓಡಾಡುವ ಇನ್ನೊಂದು ತಪ್ಪು ತಿಳಿವಳಿಕೆ. 2007ರ ತಂದೆ–ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಮಕ್ಕಳು ಎಂದರೆ ವಯಸ್ಕರಾದ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ, ಅಳಿಯ ಆ ಪಟ್ಟಿಯಲ್ಲಿಲ್ಲ. ಅವರನ್ನೂ ಸೇರಿಸಲು 2019ರಲ್ಲಿ ಮಸೂದೆ ಮಂಡನೆಯಾಯಿತು, ಅಂಗೀಕಾರವಾಗಲಿಲ್ಲ. ಅಂದರೆ ಕಾಯ್ದೆಯ ಕಣ್ಣಿನಲ್ಲಿ ಪುಣೆಯಲ್ಲಿರುವ ಮಗ ಮತ್ತು ಮದುವೆಯಾಗಿ ಹೋದ ಮಗಳು ಇಬ್ಬರೂ ಹೊಣೆಗಾರರು. ಮನೆಯಲ್ಲಿ ಮಾತ್ರ ಹೊಣೆ ಬೀಳುವುದು ಸೊಸೆಯ ಹೆಗಲಿಗೆ.

ಮನೆಗಳಲ್ಲಿ ಹೀಗೇ ನಡೆಯುತ್ತಿದೆ ಎಂಬುದಕ್ಕೆ ಅಂಕಿಗಳೂ ಇವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಪುರುಷರಲ್ಲಿ ಇದು ಶೇ 21.4. ಹಾಗೆ ತೊಡಗಿದ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಪುರುಷರು ಕೊಟ್ಟದ್ದು 74 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ. ಅಡುಗೆ, ಬಟ್ಟೆ, ಕಸಮುಸುರೆಯ ಲೆಕ್ಕ ಬೇರೆ. ಪಗಾರವಿಲ್ಲದ ಈ ಕೆಲಸಕ್ಕೆ ನಾವು ಇಟ್ಟ ಹೆಸರು, ಮನೆಯಲ್ಲೇ ಇರುತ್ತಾಳೆ.

ಕೆಲಸ ಬಿಡುವ ಮುನ್ನ ಏನು ಮಾಡಬಹುದು?

1. ಮೊದಲು ವೈದ್ಯರನ್ನು ಕೇಳಿ. ಎಷ್ಟು ತಿಂಗಳು ಪೂರ್ತಿ ಆಸರೆ ಬೇಕು, ಯಾವ ವ್ಯಾಯಾಮವನ್ನು ಮನೆಯಲ್ಲೇ ಮಾಡಿಸಬಹುದು, ಫಿಸಿಯೋಥೆರಪಿ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ಬರೆಸಿಕೊಳ್ಳಿ.

2. ಇರುವ ರಜೆ ಎಣಿಸಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ 20 ದಿನದ ದುಡಿಮೆಗೆ 1 ದಿನ ಸಂಬಳಸಹಿತ ರಜೆ ಇದೆ. ಕಾಯಿಲೆ ಅಥವಾ ಇತರ ಸೂಕ್ತ ಕಾರಣಕ್ಕೆ ವರ್ಷಕ್ಕೆ 12 ದಿನ ಬೇರೆ ಇದೆ. ವರ್ಷಕ್ಕೆ 300 ದಿನ ದುಡಿದವರಿಗೆ ಒಟ್ಟು 27 ದಿನ ಆಯಿತು. ಸೊಸೆಯದ್ದಷ್ಟೇ ಅಲ್ಲ, ಮಗನ ರಜೆ, ಮಗಳ ರಜೆಯನ್ನೂ ಎಣಿಸಿ. ಮೂವರೂ ಒಟ್ಟಿಗೆ ರಜೆ ಹಾಕದೆ ಒಬ್ಬರಾದ ಮೇಲೆ ಒಬ್ಬರು ಹಾಕಿದರೆ ಮೊದಲ ಎರಡು ತಿಂಗಳು ದಾಟಬಹುದು.

3. ರಾಜೀನಾಮೆಗಿಂತ ಮೊದಲು ಬೇರೆ ಬೇಡಿಕೆ ಇಡಿ. ಸಂಬಳವಿಲ್ಲದ ರಜೆ, ಅರ್ಧ ದಿನದ ಕೆಲಸ, ಮನೆಯಿಂದ ಮಾಡಬಹುದಾದ ಕೆಲಸ – ಯಾವುದು ಸಾಧ್ಯವೋ ಅದನ್ನು ಬರಹದಲ್ಲಿ ಕೇಳಿ. ಮಾಲೀಕರು ಒಪ್ಪಲೇಬೇಕು ಎಂದು ಕಾನೂನಿಲ್ಲ. ಆದರೂ ಕೇಳದೆ ಬಿಡಬೇಡಿ.

4. ಇ.ಎಸ್.ಐ. ನೋಂದಣಿ ಇದ್ದರೆ ನೌಕರರನ್ನು ಅವಲಂಬಿಸಿದ ತಂದೆ–ತಾಯಿಗೂ ವೈದ್ಯಕೀಯ ಸೌಲಭ್ಯ ಸಿಗುತ್ತದೆ. ಪುಣೆಯಲ್ಲಿ ದುಡಿಯುವ ಮಗನ ಇ.ಎಸ್.ಐ. ವಿವರ ಒಮ್ಮೆ ನೋಡಿ.

5. ದೂರ ಇರುವವರು ಹಣ ಕೊಡಲಿ, ಹತ್ತಿರ ಇರುವವರು ಸಮಯ ಕೊಡಲಿ, ಮತ್ತು ಕೊಟ್ಟ ಸಮಯಕ್ಕೂ ಬೆಲೆ ಇದೆ ಎಂದು ಒಪ್ಪಿಕೊಳ್ಳಿ. ಹಗಲು ಹೊತ್ತು ನೋಡಿಕೊಳ್ಳಲು ಊರಿನವರನ್ನೇ ಕೂಲಿ ಕೊಟ್ಟು ಇಟ್ಟುಕೊಂಡರೆ ಸೊಸೆಯ ಪಗಾರ ಉಳಿಯುತ್ತದೆಯೇ, ಎಷ್ಟು ಉಳಿಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ.

6. ಸಹಾಯವಾಣಿ ಬಳಸಿ. ಹಿರಿಯ ನಾಗರಿಕರಿಗೆ 14567. ಆರೈಕೆ ಮಾಡುವವರೇ ನಿದ್ದೆಯಿಲ್ಲದೆ ಕುಗ್ಗಿದ್ದರೆ ಟೆಲಿ ಮಾನಸ್ 14416, ಕರೆ ಉಚಿತ. ಮಕ್ಕಳು ಕೈಬಿಟ್ಟಿದ್ದರೆ 2007ರ ಕಾಯ್ದೆಯಡಿ, ಜನ ಎ.ಸಿ. ಸಾಹೇಬರು ಎಂದು ಕರೆಯುವ ಉಪವಿಭಾಗಾಧಿಕಾರಿಗೆ ಹಿರಿಯರೇ ಅರ್ಜಿ ಕೊಡಬಹುದು.

ನಮ್ಮ ತೀರ್ಮಾನ

30 ದಿನಗಳ ರಜೆ ನಿಜ, ಅದು ಹೊಸದು ಎಂಬುದು ಸುಳ್ಳು, ಎಲ್ಲರಿಗೂ ಸಿಗುತ್ತದೆ ಎಂಬುದೂ ಸುಳ್ಳು. ಹಿರಿಯರ ಆರೈಕೆಗೆ ಪ್ರತ್ಯೇಕ ರಜೆ ಬೇಕೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ರಜೆ ಸಿಕ್ಕೇಬಿಟ್ಟಿದೆ ಎಂಬ ಸಂದೇಶ ಓಡಾಡಿದಷ್ಟೂ ಆ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ. ಮುಂದಿನ ಸಲ ಆ ಸಂದೇಶ ಬಂದರೆ ಅದನ್ನು ಗ್ರೂಪಿಗೆ ಕಳಿಸುವ ಬದಲು ನಿಮ್ಮ ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆ ಒಂದು ಫೋನ್ ಮಾಡಿ. ಅಪ್ಪ–ಅಮ್ಮ ಮಲಗಿದರೆ ಯಾರು ಎಷ್ಟು ದಿನ ಬರುತ್ತೀರಿ ಎಂದು, ಅವರು ಓಡಾಡಿಕೊಂಡಿರುವಾಗಲೇ ಕೇಳಿಟ್ಟುಕೊಳ್ಳಿ.