ಸಂಬಳವಿಲ್ಲದ ನನ್ನ ಮಗನೂ ಉದ್ಯೋಗಿಯಂತೆ!

ರೈತ ಮಿತ್ರರೇ, ಬಿ.ಕಾಂ ಮುಗಿಸಿದ ನನ್ನ ಮಗ ಎಲ್ಲೂ ಕೆಲಸ ಸಿಗದೆ ಊರಿಗೆ ಬಂದು ಕಬ್ಬಿಗೆ ನೀರು ಕಟ್ತಿದ್ದಾನೆ. ಕೂಲಿ ಇಲ್ಲ, ಎರಡು ಹೊತ್ತು ಮುದ್ದೆ ಅಷ್ಟೇ. ಆದರೆ ಸರ್ಕಾರದ ಲೆಕ್ಕದಲ್ಲಿ ಅವನು ನಿರುದ್ಯೋಗಿ ಅಲ್ಲ!

2017ರಲ್ಲಿ ಶುರುವಾದ ಕೇಂದ್ರದ ಕಾರ್ಮಿಕ ಸಮೀಕ್ಷೆ, ಪಿಎಲ್‌ಎಫ್‌ಎಸ್, ಮನೆ ಹೊಲದಲ್ಲಿ ಸಂಬಳವಿಲ್ಲದೆ ದುಡಿಯೋರನ್ನೂ ಸ್ವಯಂ ಉದ್ಯೋಗಿಗಳ ಜೊತೆ ಸೇರಿಸುತ್ತೆ. ವಾರದ ಲೆಕ್ಕದಲ್ಲಂತೂ 7 ದಿನದಲ್ಲಿ ಒಂದು ದಿನ 1 ಗಂಟೆ ದುಡಿದರೂ ಉದ್ಯೋಗಿಯೇ.

ದುಡಿಮೆ ಎಣಿಸಬೇಡಿ ಅಂತ ನಾನು ಹೇಳ್ತಿಲ್ಲ. ನಮ್ಮ ಹೆಣ್ಣುಮಕ್ಕಳು ಹಾಲು ಕರೆದದ್ದು, ಕಳೆ ಕಿತ್ತದ್ದು ಲೆಕ್ಕಕ್ಕೆ ಬರಲೇಬೇಕು. ಆದರೆ ಅದನ್ನ ಸಂಬಳದ ನೌಕರಿ ಜೊತೆ ಒಂದೇ ರಾಶಿ ಮಾಡಿ 'ಹಳ್ಳೀಲಿ ಉದ್ಯೋಗ ಹೆಚ್ಚಾಯ್ತು' ಅಂತ ಬರೆಯೋದು ಮೋಸ. ಭತ್ತ, ರಾಗಿ ಒಂದೇ ಚೀಲಕ್ಕೆ ಸುರಿದು ಭತ್ತದ ರೇಟು ಹೇಳಿದಂಗೆ.

ಸಂಶೋಧನೆ ಮಾಡೋ ಮಹನೀಯರೇ, ಸಂಬಳದವರು, ದಿನಗೂಲಿಯವರು, ಸ್ವಂತ ದುಡಿಮೆಯವರು, ಸಂಬಳವಿಲ್ಲದ ಮನೆಯವರು, ಎಲ್ಲರಿಗೂ ಅದೇ ಸಮೀಕ್ಷೆಯಲ್ಲಿ ಬೇರೆ ಬೇರೆ ಕೋಡ್ ಇದೆ. ಬಿಡಿಸಿ ನೋಡೋಕೆ ನಿಮಗೇನು ಕಷ್ಟ? ಒಂದು ರೂಪಾಯಿ ಸಂಬಳವೂ ಇಲ್ಲದೋರು ಎಷ್ಟು ಜನ ಅಂತ ಮೊದಲು ಬರೀರಿ. ಆಮೇಲೆ ಸರಾಸರಿ ಕೂಲಿ ಮಾತಾಡಿ.

ನೀವು ಬರೆದದ್ದು ನೋಡಿಯೇ ಯೋಜನೆ ಆಗೋದು. ನನ್ನ ಮಗನಿಗೆ ಕೆಲಸ ಇದೆ ಅಂತ ನೀವು ಬರೆದ್ರೆ, ಅವನಿಗೆ ಕೆಲಸ ಕೊಡೋರು ಯಾರು?