‘ಕಾಟನ್ ಕ್ಲಬ್’ ಯಾರ ಕಥೆ?

ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ನಿರ್ದೇಶಿಸಿದ ‘ದಿ ಕಾಟನ್ ಕ್ಲಬ್’ ಎಂಬ ಚಿತ್ರಪಟವು 1984ರಲ್ಲಿ ಹೊರಬಿದ್ದಾಗ, ಜಾಜ್ ಯುಗದ ವೈಭವವು ಕಣ್ಮುಂದೆ ಬಂದಿತೆಂದು ಕೊಂಡಾಡಿದವರುಂಟು. ವೈಭವಕ್ಕೇನೂ ಕೊರತೆಯಿಲ್ಲ, ನ್ಯಾಯಕ್ಕೆ ಉಂಟು.

ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿದ್ದ ಆ ವಿಲಾಸಗೃಹವು ಪಾನನಿಷೇಧದ ಕಾಲದಲ್ಲಿ ಕಳ್ಳಮದ್ಯದ ವರ್ತಕನಾದ ಓನಿ ಮ್ಯಾಡನನ ಸ್ವತ್ತಾಗಿತ್ತು. ಹಾಡುವವರು, ಕುಣಿಯುವವರು, ಬಡಿಸುವವರು ಕರಿಯರು. ಕುಳಿತು ಸವಿಯುವವರು ಬಿಳಿಯರು. 1927ರಿಂದ ಡ್ಯೂಕ್ ಎಲಿಂಗ್ಟನನ ವಾದ್ಯವೃಂದವು ಮೊಳಗಿದ್ದು ಅಲ್ಲಿಯೇ. ಅದೇ ಕೇರಿಯ ಸಾಮಾನ್ಯ ಕರಿಯನಿಗೆ ಅದನ್ನು ಒಳಗೆ ಕುಳಿತು ಕೇಳುವ ಅಧಿಕಾರವಿರಲಿಲ್ಲ.

ಇಂತಹ ಮನೆಯ ಕಥೆಗೆ ನಾಯಕನಾದವನು ಯಾರು? ರಿಚರ್ಡ್ ಗೀರನು ವಹಿಸಿದ, ಕಾರ್ನೆಟ್ ಊದುವ ಬಿಳಿಯ ಡಿಕ್ಸಿ! ಗೀರನು ವಾದ್ಯವನ್ನು ತಾನೇ ನುಡಿಸಿದನೆಂಬುದು ಮೆಚ್ಚತಕ್ಕ ಮಾತು. ಆದರೆ ಅಷ್ಟರಿಂದ ಕಥೆ ಅವನದಾಗದು. ಡಚ್ ಷುಲ್ಟ್ಸ್‌ನ ಕ್ರೌರ್ಯ, ಅವನ ಪ್ರೇಯಸಿಗಾಗಿ ಪೈಪೋಟಿ, ಇವುಗಳ ನಡುವೆ ಗ್ರೆಗರಿ ಹೈನ್ಸನ ಪಾದತಾಳವು ಬಿಡುವಿನ ವಿನೋದವಾಗಿಬಿಟ್ಟಿತು.

ಅಪರಾಧದ ಕಥೆಗೆ ಪಾತಕಿಗಳು ಬೇಡವೇ ಎಂದು ಕೇಳಬಹುದು. ಬೇಕು, ನಿಶ್ಚಯವಾಗಿಯೂ ಬೇಕು. ಆದರೆ ಅಲ್ಲಿ ಪ್ರತಿ ರಾತ್ರಿಯೂ ತಪ್ಪದೆ ನಡೆದ ಅಪರಾಧಕ್ಕೆ ಪಿಸ್ತೂಲು ಬೇಕಿರಲಿಲ್ಲ. ಅದು ನಡೆದುದು ಬಾಗಿಲಲ್ಲಿ.

ಈ ಆಕ್ಷೇಪಣೆ ಕೇವಲ ವಿಮರ್ಶಕರ ಚಾಪಲ್ಯವಲ್ಲವೆಂಬುದಕ್ಕೆ ನಿರ್ದೇಶಕನೇ ಸಾಕ್ಷಿ. ಕರಿಯರ ದೃಶ್ಯಗಳು ಹೆಚ್ಚಾದುವೆಂಬ ಒತ್ತಾಯಕ್ಕೆ ಮಣಿದು ಕತ್ತರಿಸಿದ ಭಾಗಗಳನ್ನು ಆತನು ಸ್ವಂತ ಹಣದಿಂದ ಮರಳಿ ಜೋಡಿಸಿ 2019ರಲ್ಲಿ ಬಿಡುಗಡೆ ಮಾಡಿದನು. ಲೊನೆಟ್ ಮೆಕ್ಕೀ ಹಾಡಿದ ‘ಸ್ಟಾರ್ಮಿ ವೆದರ್’ ಮೂವತ್ತೈದು ವರ್ಷಗಳ ಬಳಿಕ ಚಿತ್ರದಲ್ಲಿ ಕೇಳಿಬಂದುದು ಆಗಲೇ.